ನಾಲ್ಕನೇ ಕಂಡಿಕೆಗೆ ಏಳುತ್ತೇನೆ

ನಮ್ಮ ಕಡೆ ಸೊಂಟಕ್ಕೆ ಟೊಂಕ ಅನ್ನುತ್ತೇವೆ. ನನ್ನ ಟೊಂಕ ಹಿಡಿದದ್ದು 2023ರ ಜನವರಿಯಲ್ಲಿ, ಒಂದು ಚಳಿಯ ಬೆಳಗಿನ ಜಾವ. ಆಗ ನನಗೆ 43 ವರ್ಷ. ಇಳಕಲ್ಲಿನಲ್ಲಿ ನಮ್ಮದು ಅಜ್ಜನ ಕಾಲದಿಂದ ಬಂದ ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅದರ ಅಂಚಿನಲ್ಲಿ ಕೂತು ಸೀರೆ ನೇಯುತ್ತೇವೆ. ಅವತ್ತು ಹಾಸಿಗೆಯಿಂದ ಎದ್ದವನೇ ಮುಖ ತೊಳೆದು ಕುಣಿಗೆ ಇಳಿದಿದ್ದೆ. ಹಾಸಿನ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿನ, ಒಂದು ಎಳೆ ಎಡಗಡೆ, ಸ್ವಲ್ಪ ದೂರದಲ್ಲಿ ಹರಿದಿತ್ತು. ಕೂತಲ್ಲಿಂದಲೇ ಮುಂದೆ ಬಾಗಿ, ಎಡಕ್ಕೆ ತಿರುಗಿ, ಕೈ ಚಾಚಿ ಗಂಟು ಹಾಕಲು ಹೋದೆ. ಟೊಂಕದಲ್ಲಿ ಕಟಕ್ ಅಂತು.

ಆ ಕ್ಷಣಕ್ಕೆ ನೋವು ಗೊತ್ತಾಗಲಿಲ್ಲ. ಏಳಲು ಹೋದಾಗ ಗೊತ್ತಾಯಿತು. ಮೇಲೆ ಬರಲೂ ಆಗದು, ಕೂರಲೂ ಆಗದು. ಹೆಂಡತಿ, ಮಗ ಇಬ್ಬರೂ ಕಂಕುಳಿಗೆ ಕೈ ಕೊಟ್ಟು ಎತ್ತಿದರು. "ರೀ, ಉಸಿರು ಬಿಗಿ ಹಿಡೀಬ್ಯಾಡ್ರಿ, ಬಿಡ್ರಿ" ಅಂತ ಆಕೆ ಹೇಳುತ್ತಲೇ ಇದ್ದಳು. ನನಗೆ ಉಸಿರಾಡಲೂ ಹೆದರಿಕೆ.

ಎರಡನೇ ದಿನ ನೋವು ಕೆಳಗೆ ಇಳಿಯಿತು. ಟೊಂಕದಿಂದ ಎಡಗಡೆಯ ಕುಂಡೆ, ಅಲ್ಲಿಂದ ತೊಡೆಯ ಹಿಂಭಾಗ, ಮೀನಖಂಡದ ಪಕ್ಕ, ಕಡೆಗೆ ಕಾಲಿನ ಹೆಬ್ಬೆರಳು. ಕೆಮ್ಮಿದರೆ ಸಾಕು, ಆ ದಾರಿ ಉದ್ದಕ್ಕೂ ಕರೆಂಟ್ ಹೊಡೆದ ಹಾಗೆ ಆಗುತ್ತಿತ್ತು. ಇದಕ್ಕೆ ಸಯಾಟಿಕಾ ಅನ್ನುತ್ತಾರೆ ಅಂತ ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಅವ್ವ ಔಡಲ ಎಣ್ಣೆ ಕಾಯಿಸಿ ಹಚ್ಚಿದಳು. ಎಕ್ಕೆ ಎಲೆ ಬಾಡಿಸಿ ಕಟ್ಟಿದಳು. ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಕಾವು ಕೊಟ್ಟಳು. ಕಾವು ಕೊಟ್ಟಾಗ ನಿಜವಾಗಿ ಹಾಯ್ ಅನಿಸುತ್ತಿತ್ತು. ಬಿಗಿದುಕೊಂಡ ಸ್ನಾಯು ಸಡಿಲಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಪಕ್ಕದ ಓಣಿಯಿಂದ ಉಳುಕು ತೆಗೆಯುವ ಅಜ್ಜಿಯೂ ಬಂದರು. ಅವರ ಕೈ ಬಹಳ ಮೆತ್ತಗೆ. ಬೆನ್ನು ನೀವಿ, ಕಾಲಿನ ತನಕ ನೋವಿದೆ ಅಂತ ಕೇಳಿದ್ದೇ ಕೈ ತೆಗೆದರು. "ಇದು ಉಳುಕಲ್ಲೋ ತಮ್ಮಾ. ನರದ ಬ್ಯಾನಿ. ದವಾಖಾನಿಗಿ ಹೋಗು" ಅಂದರು. ಆ ಅಜ್ಜಿಗೆ ನಾನು ಈಗಲೂ ಕೈ ಮುಗಿಯುತ್ತೇನೆ. ಆಮೇಲೆ ನನ್ನನ್ನು ನೋಡಿದ ಕೆಲವರು ಅಷ್ಟೂ ಹೇಳಲಿಲ್ಲ.

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಟೊಂಕ ಬಿಡುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿದೆ. ಹೆಂಡತಿಯ ತಮ್ಮ ಹಾಗೆ ಹುಟ್ಟಿದವನು. ಹಿರಿಯರ ಮಾತು ಮೀರಲಾರದೆ ಬಂದ. ಆದರೆ ಪಾದ ಬರೀ ತಾಗಿಸಿ ಹಿಂದೆ ಸರಿದ. ನರ ಒತ್ತಿಕೊಂಡಿರುವಾಗ ಯಾರಾದರೂ ಜೋರಾಗಿ ಒದ್ದರೆ, ಬೆನ್ನು ತುಳಿದರೆ ಏನಾಗಬಹುದು ಅಂತ ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ದಯವಿಟ್ಟು ಯಾರೂ ಮಾಡಿಸಿಕೊಳ್ಳಬೇಡಿ.

ನಾನು ಮಾಡಿದ ದೊಡ್ಡ ತಪ್ಪು ಮಲಗಿದ್ದು. ಒಂದೆರಡು ದಿನ ಅಲ್ಲ, 22 ದಿನ. ಬಂದವರೆಲ್ಲ ಅದನ್ನೇ ಹೇಳಿದರು. ಅಲುಗಾಡಬೇಡ, ಹಾಸಿಗೆ ತೆಗೆದು ಬರೀ ನೆಲದ ಮೇಲೆ ಮಲಗು, ಬೇಕಾದರೆ ಮಣೆ ಹಾಕಿಕೋ. ಜನವರಿಯ ತಣ್ಣನೆಯ ಕಲ್ಲು ನೆಲದ ಮೇಲೆ ಒಂದು ಜಮಖಾನ ಹಾಸಿ ಮಲಗಿದೆ. ಊಟ ಅಲ್ಲೇ. ಬಚ್ಚಲಿಗೆ ಹೋಗಲು ಮಾತ್ರ ಗೋಡೆ ಹಿಡಿದು ಏಳುವುದು. ಮಗ್ಗದ ಸದ್ದಿಲ್ಲದ ಮನೆ ನನಗೆ ಅಭ್ಯಾಸವೇ ಇಲ್ಲ. ಓಣಿಯ ಬೇರೆ ಮನೆಗಳಿಂದ ಲಾಳಿಯ ಸದ್ದು ಕೇಳುತ್ತಿತ್ತು. ಅದನ್ನು ಕೇಳುತ್ತಾ ಸೂರು ನೋಡುತ್ತಾ ಮಲಗಿರುವುದು ನೋವಿಗಿಂತ ಜಾಸ್ತಿ ನೋವು. ಮೂರನೇ ವಾರಕ್ಕೆ ಎಡ ತೊಡೆ ಸಣ್ಣಗಾದದ್ದು ಕಣ್ಣಿಗೇ ಕಾಣುತ್ತಿತ್ತು. ಟೊಂಕ ಇನ್ನೂ ಬಿಗಿಯಾಗಿತ್ತು.

ನನ್ನ ಮಗಳು ನರ್ಸಿಂಗ್ ಓದುತ್ತಾಳೆ. ರಜೆಗೆ ಬಂದವಳು ನನ್ನ ಸ್ಥಿತಿ ನೋಡಿ ಅಳುವುದೊಂದು ಬಾಕಿ. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ, ಟೊಂಕ ಹಿಡಿದಾಗ ಮಲಗಬೇಕಾ ಬೇಡವಾ ಅಂತ ಪರೀಕ್ಷೆ ಮಾಡಿ ನೋಡಿ, 1995ರಲ್ಲೇ ಪ್ರಕಟಿಸಿದ್ದಾರಂತೆ. ಆಗತಾನೇ ಟೊಂಕ ಹಿಡಿದ 186 ನಗರಸಭೆ ನೌಕರರು. ಒಂದು ಗುಂಪಿಗೆ ಎರಡು ದಿನ ಪೂರ್ತಿ ಮಲಗಲು ಹೇಳಿದರು. ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ. ಮೂರನೆಯದಕ್ಕೆ, ನೋವು ತಾಳುವಷ್ಟು ದಿನದ ಕೆಲಸ ಮಾಡಿಕೊಂಡಿರಿ ಅಂದರು. ಬೇಗ ಸುಧಾರಿಸಿದವರು ಮೂರನೇ ಗುಂಪಿನವರು. ನಿಧಾನವಾದದ್ದು ಮಲಗಿದವರದ್ದು. ಎರಡೇ ದಿನ ಮಲಗಿದವರ ಕಥೆ ಅದು. "ಅಪ್ಪಾ, ನೀ 22 ದಿನ ಮಲಗೀದಿ" ಅಂದಳು. ನಾನು ಸುಮ್ಮನಾದೆ.

ಅಷ್ಟರಲ್ಲಿ ಔಷಧದ ಒಂದು ಸುತ್ತು ಮುಗಿದಿತ್ತು. ಒಬ್ಬ ಡಾಕ್ಟರು ದಿನಾ ಒಂದು ಸೂಜಿ ಹಾಕುತ್ತಿದ್ದರು. ಯಾವ ಸೂಜಿ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹಾಕಿದ ಮೂರು ತಾಸು ಆರಾಮ, ಮತ್ತೆ ಅದೇ. ನೋವಿನ ಗುಳಿಗೆಯನ್ನು ನಾನೇ ಅಂಗಡಿಯಿಂದ ತರಿಸಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಚಹಾದ ಜೊತೆ ನುಂಗುತ್ತಿದ್ದೆ. ಹೊಟ್ಟೆ ಉರಿ ಶುರುವಾಯಿತು. ಈ ಗುಳಿಗೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು. ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಬಿಪಿ ಏರಿಸಬಲ್ಲವು. ಮಲ ಡಾಂಬರಿನ ಹಾಗೆ ಕಪ್ಪಾದರೆ ಒಳಗೆ ರಕ್ತ ಸೋರುತ್ತಿದೆ ಅಂತ ತಿಳಿದು ಕೂಡಲೇ ಆಸ್ಪತ್ರೆಗೆ ಓಡಬೇಕು. ಡಾಕ್ಟರು ಹೇಳಿದಷ್ಟು ದಿನ, ಊಟದ ಮೇಲೆ, ಅಷ್ಟು ಮಾತ್ರ ತೆಗೆದುಕೊಳ್ಳಿ. ಚೀಟಿಯ ಮೇಲೆ ಔಷಧದ ಹೆಸರು ಬರೆಸಿಕೊಳ್ಳಿ. ಕೇಳಲು ಸಂಕೋಚ ಪಟ್ಟುಕೊಳ್ಳಬೇಡಿ.

ಆಮೇಲೆ ಎಂಆರ್‌ಐ. ಅದಕ್ಕೆ ಹೆಂಡತಿಯ ಸಂಘದಿಂದ ಸಾಲ ತೆಗೆದೆವು. ರಿಪೋರ್ಟಿನಲ್ಲಿ ಎಲ್4-ಎಲ್5, ಅಂದರೆ ಟೊಂಕದ ನಾಲ್ಕನೇ ಮತ್ತು ಐದನೇ ಮೂಳೆಯ ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿ ನರಕ್ಕೆ ತಾಗಿದೆ, ಅದರ ಕೆಳಗಿನದು ಸವೆದಿದೆ ಅಂತ ಇತ್ತು. ಸವೆದಿದೆ ಅನ್ನುವ ಆ ಒಂದು ಮಾತು ನನ್ನನ್ನು ಕೊಂದು ಹಾಕಿತು. ಮಗ್ಗದ ಸವೆದ ಹಣಿಗೆಯನ್ನು ನಾವು ಬಿಸಾಡುತ್ತೇವೆ. ನಾನೂ ಹಾಗೇ ಅಂದುಕೊಂಡೆ. ಒಂದು ಆಸ್ಪತ್ರೆಯಲ್ಲಿ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕಾಲನ್ನು ಮುಟ್ಟದೆಯೇ, ಎರಡು ದಿನದಲ್ಲಿ ಆಪರೇಷನ್ ಮಾಡಿಸಿ, ಇಲ್ಲದಿದ್ದರೆ ಕಾಲು ಹೋಗುತ್ತದೆ ಅಂದರು. ಹೆಂಡತಿ ಅಲ್ಲೇ ಕುಸಿದು ಕೂತಳು. ಹೊರಗೆ ಬಂದ ಮೇಲೆ ಇಬ್ಬರೂ ಮಾತಾಡಲಿಲ್ಲ.

ಇನ್ನೊಬ್ಬರಿಗೆ ತೋರಿಸದೆ ಬೇಡ ಅಂತ ಮಗಳು ಹಟ ಹಿಡಿದಳು. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ಹೊರಟೆವು. ಬಸ್ಸಿನಲ್ಲಿ ಹಿಂದಿನ ಸೀಟು ಬೇಡ ಅಂತ ಕಂಡಕ್ಟರನ್ನು ಕೇಳಿ ನಡುವೆ ಕೂತೆ. ಹಿಂದಿನ ಗಾಲಿಯ ಮೇಲೆ ಕೂತರೆ ಪ್ರತಿ ಗುಂಡಿಯ ಪೆಟ್ಟೂ ನೇರವಾಗಿ ಟೊಂಕಕ್ಕೆ. ಹುನಗುಂದ ದಾಟಿ ಅಮೀನಗಡದಲ್ಲಿ ಬಸ್ ನಿಂತಾಗ ಕೆಳಗಿಳಿದು ನಾಲ್ಕು ಹೆಜ್ಜೆ ಹಾಕಿದೆ. ಕರದಂಟಿನ ಅಂಗಡಿಯ ಮುಂದೆ ನಿಂತು ಬೆನ್ನು ನೆಟ್ಟಗೆ ಮಾಡಿದೆ. ಹಾಗೆ ಇಳಿದು ನಡೆದದ್ದಕ್ಕೇ ಉಳಿದ ದಾರಿ ತಡೆದುಕೊಂಡೆ.

ಅಲ್ಲಿನ ಮೂಳೆ ಡಾಕ್ಟರು ಫಿಲ್ಮ್ ಬದಿಗಿಟ್ಟು ಮೊದಲು ನನ್ನನ್ನು ನೋಡಿದರು. ಹಿಮ್ಮಡಿಯ ಮೇಲೆ ನಡೆಸಿದರು. ತುದಿಗಾಲಿನ ಮೇಲೆ ನಡೆಸಿದರು. ಕಾಲಿನ ಹೆಬ್ಬೆರಳನ್ನು ತಮ್ಮ ಕೈಗೆ ಎದುರಾಗಿ ಮೇಲೆತ್ತಲು ಹೇಳಿದರು. ಮಂಡಿಗೆ, ಹಿಮ್ಮಡಿಗೆ ಸುತ್ತಿಗೆ ಬಡಿದರು. ಅಂಗಾತ ಮಲಗಿಸಿ ಕಾಲನ್ನು ನೆಟ್ಟಗೆ ಮೇಲೆತ್ತಿದರು. ಅರ್ಧ ಎತ್ತುವಷ್ಟರಲ್ಲಿ ಕಾಲಿನ ಉದ್ದಕ್ಕೂ ನೋವು ಓಡಿತು. ಆಮೇಲೆ ಪ್ರಶ್ನೆ. ಮೂತ್ರ ಸರಿಯಾಗಿ ಹೋಗುತ್ತದಾ? ತಡೆದುಕೊಳ್ಳಲು ಆಗುತ್ತದಾ? ಕೂರುವ ಜಾಗದಲ್ಲಿ, ತೊಡೆಸಂದಿಯಲ್ಲಿ ಜೋಮು ಹಿಡಿದಿದೆಯಾ? ಸಂಜೆ ಜ್ವರ ಬರುತ್ತದಾ? ತೂಕ ಇಳಿದಿದೆಯಾ? ರಾತ್ರಿ ಮಲಗಿದಾಗಲೂ ನೋವು ಒಂದೇ ಸಮ ಇರುತ್ತದಾ? ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ? ಕಾಯಿಸದ ಹಾಲು ಕುಡಿಯುತ್ತೀರಾ?

ಕಾಯಿಸದ ಹಾಲಿಗೂ ಟೊಂಕಕ್ಕೂ ಏನು ಸಂಬಂಧ ಅಂತ ಕೇಳಿದೆ. ದನಕರುಗಳಿಂದ ಬರುವ ಬ್ರುಸೆಲ್ಲಾ ಅನ್ನುವ ಸೋಂಕು ಹಸಿ ಹಾಲಿನಿಂದ ಮನುಷ್ಯರಿಗೆ ದಾಟಿ ಬೆನ್ನುಮೂಳೆಯಲ್ಲಿ ಕೂರಬಹುದಂತೆ. ಟಿಬಿಯೂ ಅಷ್ಟೇ, ಪುಪ್ಪಸಕ್ಕೆ ಮಾತ್ರ ಬರುತ್ತದೆ ಅಂತ ಇಲ್ಲ. ಜ್ವರ, ತೂಕ ಇಳಿಯುವುದು, ರಾತ್ರಿ ನೋವು ಇದ್ದರೆ ಇವನ್ನೆಲ್ಲ ಹುಡುಕಬೇಕು. ಹಳ್ಳಿಯಲ್ಲಿ ದನ ಕಟ್ಟಿದವರು ಇದನ್ನು ನೆನಪಿಡಿ.

ಕಡೆಗೆ ಅವರು ಹೇಳಿದ್ದು ಇಷ್ಟು. "ಯಜಮಾನ್ರ, ನಿಮ್ಮ ಕಾಲಾಗ ಶಕ್ತಿ ಐತಿ. ಮೂತ್ರ ಸರಿ ಐತಿ. ಇವತ್ತ ಆಪರೇಷನ್ ಮಾಡೂವಂಥಾದ್ದು ಏನೂ ಇಲ್ಲ. ಹೆಚ್ಚಿನವರಿಗೆ ಆರು ವಾರದಿಂದ ಮೂರು ತಿಂಗಳದಾಗ ತಾನ ಕಡಿಮಿ ಆಗತೈತಿ. ನೀವು ಏಳ್ರಿ, ನಡೀರಿ."

ಸವೆದಿದೆ ಅಂತ ಇದೆಯಲ್ಲ ಸರ್ ಅಂದೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ನೋವೇ ಇಲ್ಲದ 3,110 ಜನರ ಸ್ಕ್ಯಾನ್ ಫಲಿತಾಂಶಗಳನ್ನು ಬೇರೆ ಬೇರೆ ಅಧ್ಯಯನಗಳಿಂದ ಒಟ್ಟು ಮಾಡಿ 2015ರಲ್ಲಿ ಲೆಕ್ಕ ಹಾಕಿದ್ದಾರೆ. 40ರ ವಯಸ್ಸಿನವರಲ್ಲಿ ನೂರಕ್ಕೆ 68 ಜನರ ಡಿಸ್ಕ್ ಸವೆದಿತ್ತು. ನೂರಕ್ಕೆ 50 ಜನರಿಗೆ ಡಿಸ್ಕ್ ಉಬ್ಬಿತ್ತು. ಅವರಿಗೆ ಯಾರಿಗೂ ಟೊಂಕ ನೋವಿರಲಿಲ್ಲ. ತಲೆಗೂದಲು ನೆರೆತ ಹಾಗೆ ಇದು. ರಿಪೋರ್ಟಿನಲ್ಲಿ ಕಂಡದ್ದೆಲ್ಲ ರೋಗ ಅಲ್ಲ. ಆ ಮಾತು ಕೇಳಿದ ಮೇಲೆ, ಟೊಂಕ ಹಿಡಿದ ದಿನದಿಂದ ಮೊದಲ ಸಲ ನಾನು ಹೆದರಿಕೆ ಇಲ್ಲದೆ ಎದ್ದು ನಿಂತೆ.

ನೇಕಾರ ಅಂತ ಗೊತ್ತಾದ ಮೇಲೆ ಅವರು ಡಿಸ್ಕನ್ನು ನನ್ನ ಭಾಷೆಯಲ್ಲೇ ವಿವರಿಸಿದರು. ಟೊಂಕದಲ್ಲಿ ಐದು ಮೂಳೆ. ಎರಡು ಮೂಳೆಯ ನಡುವೆ ಒಂದು ಮೆತ್ತೆ. ಮೆತ್ತೆಯ ಹೊರಗೆ ನಾರಿನ ಪದರಗಳು. ಒಂದು ಪದರದ ನಾರು ಈ ಕಡೆ ಓರೆ, ಮುಂದಿನ ಪದರದ್ದು ಆ ಕಡೆ ಓರೆ. ಬಟ್ಟೆಯ ಹಾಗೆಯೇ ಒಂದಕ್ಕೊಂದು ಅಡ್ಡ. ಒಳಗೆ ಲೋಳೆಯಂಥ ತಿರುಳು. ಮುಂದೆ ಬಾಗಿದಾಗ ತಿರುಳು ಹಿಂದಕ್ಕೆ ತಳ್ಳಿಕೊಳ್ಳುತ್ತದೆ. ಹಿಂದೆ ನರ ಇರುತ್ತದೆ. ಬಾಗುವುದರ ಜೊತೆ ತಿರುಗುವುದೂ ಸೇರಿದರೆ ನಾರಿನ ಮೇಲೆ ಇನ್ನೂ ಜಾಸ್ತಿ ಎಳೆತ.

ಆಗ ನನ್ನ ಬಾಯಿಂದ ಒಂದು ಮಾತು ಬಂತು. ರೇಷ್ಮೆ ಸೀರೆಯನ್ನು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ಮಡಿಕೆ ಬಿದ್ದಲ್ಲೇ ಸೀಳುತ್ತದೆ. ಅದಕ್ಕೇ ಆಗಾಗ ತೆಗೆದು ಮಡಿಕೆ ಬದಲಿಸಿ ಇಡುತ್ತೇವೆ, ಅಲ್ವಾ ಸರ್ ಅಂದೆ. ಅವರು ಒಂದು ನಿಮಿಷ ನನ್ನನ್ನೇ ನೋಡಿದರು. "ಅದ, ಅದ ಮಾಡ್ರಿ ಟೊಂಕಕ್ಕ. ಮಡಿಕಿ ಬದಲ ಮಾಡ್ರಿ" ಅಂದರು.

ಇನ್ನೊಂದು ವಿಷಯ ಹೇಳಿದ್ದು ನನಗೆ ಬಹಳ ಧೈರ್ಯ ಕೊಟ್ಟಿತು. ಹೊರಗೆ ಬಂದ ತಿರುಳನ್ನು ನಮ್ಮ ದೇಹವೇ ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ. ಪೂರ್ತಿ ಹೊರಬಿದ್ದ ತುಂಡು ಬರೀ ಉಬ್ಬಿಗಿಂತ ಚೆನ್ನಾಗಿ ಕರಗುವುದೂ ಉಂಟು. ನರದ ಊತ ಇಳಿದರೆ ಕಾಲಿನ ನೋವೂ ಇಳಿಯುತ್ತದೆ.

ಅಲ್ಲಿಂದ ನನ್ನನ್ನು ಫಿಸಿಯೋಥೆರಪಿಗೆ ಕಳಿಸಿದರು. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡ ಹುಡುಗಿ. ಮೊದಲ ದಿನ ಮಾಡಿಸಿದ್ದು ಒಂದೇ ಕೆಲಸ. ಬೋರಲು ಮಲಗಿಸಿದರು. ಐದು ನಿಮಿಷ ಸುಮ್ಮನೆ. ಆಮೇಲೆ ಮೊಣಕೈ ಊರಿ ಎದೆ ಎತ್ತಿ ಎರಡು ನಿಮಿಷ. ಎರಡನೇ ವಾರಕ್ಕೆ ಅಂಗೈ ಊರಿ, ಟೊಂಕ ಸಡಿಲ ಬಿಟ್ಟು, ಎದೆ ಮೇಲೆತ್ತಿ ಇಳಿಸುವುದು, ಹತ್ತು ಸಲ. ದಿನಕ್ಕೆ ಐದಾರು ಬಾರಿ. ಶಾಲೆಯಲ್ಲಿ ಕಲಿಸಿದ ಭುಜಂಗಾಸನದ ಹತ್ತಿರದ್ದೇ. ರಾಬಿನ್ ಮೆಕೆಂಜಿ ಅನ್ನುವ ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ 1956ರಲ್ಲಿ ಇದನ್ನು ಅಕಸ್ಮಾತ್ತಾಗಿ ಕಂಡುಕೊಂಡರಂತೆ. ತಲೆಯ ಕಡೆ ಎತ್ತಿದ್ದ ಮಂಚದ ಮೇಲೆ ಒಬ್ಬ ರೋಗಿ ಬೋರಲು ಮಲಗಿಬಿಟ್ಟಿದ್ದ. ಎದ್ದಾಗ ಕಾಲಿನ ನೋವು ಕಡಿಮೆಯಾಗಿತ್ತು.

ಇಲ್ಲಿ ನಾನು ಬಿಟ್ಟುಬಿಡುವ ಹಂತಕ್ಕೆ ಬಂದಿದ್ದೆ. ನಾಲ್ಕನೇ ದಿನ ಹೆಬ್ಬೆರಳ ಉರಿ ಹೋಗಿತ್ತು, ಮೀನಖಂಡದ ಸೆಳೆತವೂ ಕಡಿಮೆ. ಆದರೆ ಟೊಂಕ ಮೊದಲಿಗಿಂತ ಜಾಸ್ತಿ ನೋಯತೊಡಗಿತು. ಹೆದರಿ ಫೋನ್ ಮಾಡಿದೆ. ಆ ಹುಡುಗಿ ಖುಷಿಯಿಂದ, "ಸರ್, ಅದು ಚಲೋ ಲಕ್ಷಣ" ಅಂದರು. ಕಾಲಿನ ನೋವು ತುದಿಯಿಂದ ಹಿಂದೆ ಸರಿದು ಟೊಂಕದ ನಡುವೆ ಬಂದು ಕೂತರೆ ನರ ಬಿಡಿಸಿಕೊಳ್ಳುತ್ತಿದೆ ಅಂತ ಅರ್ಥ. ಅದೇ ವ್ಯಾಯಾಮ ಮಾಡಿದಾಗ ನೋವು ಇನ್ನೂ ಕೆಳಗೆ, ಪಾದದ ಕಡೆ ಓಡಿದರೆ ನಿಲ್ಲಿಸಬೇಕು. ನೋವು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದನ್ನು ಗಮನಿಸಿ ಅಂದರು. ಅವತ್ತಿನಿಂದ ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ದಿನಾ ಬರೆದಿಟ್ಟೆ. ಪಾದ, ಮೀನಖಂಡ, ಮೀನಖಂಡ, ತೊಡೆ, ತೊಡೆ, ಕುಂಡೆ. ಐದನೇ ವಾರದ ಕೊನೆಗೆ ಬರೀ ಟೊಂಕ.

ಆದರೆ ಇದು ಎಲ್ಲರಿಗೂ ಆಗಿಬರುವ ಮದ್ದಲ್ಲ. ನಾನು ಉತ್ಸಾಹದಲ್ಲಿ ಅವ್ವನಿಗೂ ಕಲಿಸಲು ಹೋದೆ. ಅವಳಿಗೆ 70 ದಾಟಿದೆ. ಸಂತೆಗೆ ನಡೆದರೆ ಎರಡೂ ಕಾಲು ಭಾರವಾಗಿ ಜೋಮು ಹಿಡಿಯುತ್ತವೆ. ಕೂತರೆ, ಇಲ್ಲವೇ ಕಟ್ಟೆ ಹಿಡಿದು ಮುಂದೆ ಬಾಗಿ ನಿಂತರೆ ಸರಿಹೋಗುತ್ತದೆ. ಎದೆ ಎತ್ತಿಸಿದ್ದೇ ಅವಳ ಕಾಲು ನೋವು ಜಾಸ್ತಿಯಾಯಿತು. ವಯಸ್ಸಾದವರಲ್ಲಿ ನರ ಹಾಯುವ ನಾಳವೇ ಕಿರಿದಾಗಿರುತ್ತದೆ. ಹಿಂದೆ ಬಾಗಿದರೆ ಅದು ಇನ್ನೂ ಕಿರಿದಾಗುತ್ತದೆ, ಮುಂದೆ ಬಾಗಿದರೆ ಅಗಲವಾಗುತ್ತದೆ. ನನಗೆ ಬೇಕಾದದ್ದು ಅವಳಿಗೆ ಬೇಡ. ಅವಳಿಗೆ ಮಂಡಿಯನ್ನು ಎದೆಗೆ ತಬ್ಬಿಕೊಳ್ಳುವ ವ್ಯಾಯಾಮ ಹೇಳಿಕೊಟ್ಟರು. ಮೊಬೈಲಿನಲ್ಲಿ ಯಾರೋ ಮಾಡಿದ್ದನ್ನು ನೋಡಿ ಮಾಡುವ ಮೊದಲು ಇದನ್ನು ಯೋಚಿಸಿ.

ನಡಿಗೆ ಶುರು ಮಾಡಿದ್ದು ಮನೆಯ ಅಂಗಳದಲ್ಲಿ, ಐದು ನಿಮಿಷ. ಆಮೇಲೆ ಓಣಿಯ ತುದಿಯ ತನಕ. ಮೂರನೇ ತಿಂಗಳಿಗೆ ಹುನಗುಂದ ರಸ್ತೆಯಲ್ಲಿ ಅರ್ಧ ಗಂಟೆ. ಮುಂದೊಮ್ಮೆ ಮಗಳು ಇನ್ನೊಂದು ಅಧ್ಯಯನ ತೋರಿಸಿದಳು. ಆಸ್ಟ್ರೇಲಿಯಾದ್ದು, 2024ರದ್ದು. ಟೊಂಕ ನೋವಿನಿಂದ ಚೇತರಿಸಿಕೊಂಡ 701 ಜನ. ಫಿಸಿಯೋಥೆರಪಿಸ್ಟ್ ಮಾರ್ಗದರ್ಶನದಲ್ಲಿ ನಡಿಗೆ ಬೆಳೆಸಿಕೊಂಡವರಲ್ಲಿ ಅರ್ಧದಷ್ಟು ಜನಕ್ಕೆ ನೋವು ಮರಳಲು 208 ದಿನ ಹಿಡಿಯಿತು. ಏನೂ ಮಾಡದವರಲ್ಲಿ 112 ದಿನ. ದುಡ್ಡಿಲ್ಲದ ಔಷಧ ಇದಕ್ಕಿಂತ ಬೇರೆ ಯಾವುದಿದೆ ಹೇಳಿ? ನೆಲದ ಮೇಲಿನ ಜಮಖಾನವನ್ನೂ ತೆಗೆದೆ. ತೀರಾ ಗಟ್ಟಿಯಾದದ್ದಕ್ಕಿಂತ ಮಧ್ಯಮ ಗಟ್ಟಿ ಹಾಸಿಗೆ ಟೊಂಕಕ್ಕೆ ಒಳ್ಳೆಯದು ಅಂತ ಸ್ಪೇನ್‌ನಲ್ಲಿ 313 ಜನರ ಮೇಲೆ ನೋಡಿದ್ದಾರೆ. ನಮ್ಮ ಹತ್ತಿಯ ಗಾದಿಯನ್ನು ಬಿಸಿಲಿಗೆ ಹಾಕಿ, ಹೊಸದಾಗಿ ಹಿಂಜಿಸಿ ಅದರ ಮೇಲೆ ಮಲಗಿದೆ. ಪಕ್ಕಕ್ಕೆ ಮಲಗಿದರೆ ಎರಡು ಮಂಡಿಯ ನಡುವೆ ಒಂದು ತಲೆದಿಂಬು.

ಟೊಂಕಕ್ಕೆ ಕಟ್ಟುವ ಬೆಲ್ಟನ್ನೂ ಕೊಂಡಿದ್ದೆ. ಬಸ್ಸಿನಲ್ಲಿ ಹೋಗುವಾಗ ಕಟ್ಟಿಕೊಂಡರೆ ಧೈರ್ಯ ಬರುತ್ತಿತ್ತು. ದಿನವಿಡೀ ಕಟ್ಟಿಕೊಳ್ಳಬೇಡಿ, ನಿಮ್ಮ ಸ್ನಾಯುವೇ ನಿಮ್ಮ ಬೆಲ್ಟು ಅಂದರು ಆ ಹುಡುಗಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಕೊಟ್ಟ ಸಲಹೆಯಲ್ಲೂ, ಮೂರು ತಿಂಗಳು ಮೀರಿದ ಟೊಂಕ ನೋವಿಗೆ ಬೆಲ್ಟೂ ಬೇಡ, ತೂಕ ಕಟ್ಟಿ ಎಳೆಯುವುದೂ ಬೇಡ ಅಂತಲೇ ಇದೆ.

ಬೀಡಿಯ ಮಾತೂ ಹೇಳಬೇಕು. ದಿನಕ್ಕೆ ಒಂದು ಕಟ್ಟು ಸೇದುತ್ತಿದ್ದೆ. ಡಿಸ್ಕಿಗೆ ರಕ್ತನಾಳ ಇರುವುದೇ ಅಂಚಿನಲ್ಲಿ, ಅದೂ ಸ್ವಲ್ಪ. ಪಕ್ಕದ ಮೂಳೆಯಿಂದ ಜಿನುಗಿ ಬರುವ ಆಹಾರದ ಮೇಲೆ ಅದು ಬದುಕುತ್ತದೆ. ಹೊಗೆ ಆ ಸಣ್ಣ ನಾಳಗಳನ್ನೇ ಕಿರಿದು ಮಾಡುತ್ತದೆ. ನಾನು ಮಹಾಂತ ಜೋಳಿಗೆಯ ಊರಿನವನು. ದುಶ್ಚಟಗಳನ್ನೇ ಭಿಕ್ಷೆ ಬೇಡಿದ ಡಾ. ಮಹಾಂತ ಶಿವಯೋಗಿಗಳು ನಮ್ಮ ಓಣಿಗಳಲ್ಲೇ ನಡೆದವರು. ನಮ್ಮ ಅಪ್ಪ ಆ ಜೋಳಿಗೆಗೆ ಸಾರಾಯಿಯ ಚಟ ಹಾಕಿದ್ದ. ನಾನು ಶಿವಯೋಗಿಗಳಿಲ್ಲದ ಕಾಲದಲ್ಲಿ, ಮಠದ ಮುಂದೆ ನಿಂತು ಬೀಡಿ ಬಿಟ್ಟೆ.

ಮಗ್ಗವನ್ನು ಮಾತ್ರ ಬಿಡಲಾಗದು. ಅದಕ್ಕೇ ಮಗ್ಗವನ್ನು ಬದಲಿಸಿದೆ. ಫಿಸಿಯೋಥೆರಪಿಯ ಆ ಹುಡುಗಿಗೆ ನಾನು ನೇಯುವ ವಿಡಿಯೋ ಕಳಿಸಿದ್ದೆ. ಕೂರುವ ಹಲಗೆ ತೀರಾ ಕೆಳಗಿದೆ, ಮಂಡಿ ಸೊಂಟಕ್ಕಿಂತ ಮೇಲೆ ಬಂದು ಬೆನ್ನು ಬಿಲ್ಲಾಗುತ್ತಿದೆ ಅಂದರು. ಬಡಿಗೇರ ಕಾಕಾನ ಕೈಲಿ ಎರಡು ಇಂಚು ಎತ್ತರದ ಹಲಗೆ ಮಾಡಿಸಿದೆ. ಮುಂದಕ್ಕೆ ತುಸು ಇಳಿಜಾರು. ಮೊದಲ ವಾರ ಕೈ ಲೆಕ್ಕವೆಲ್ಲ ತಪ್ಪಿತು, ಹೊಡೆತ ಒಂದೇ ಸಮ ಬೀಳಲಿಲ್ಲ, ಎರಡು ಗೇಣು ಬಟ್ಟೆ ಬಿಚ್ಚಿ ಮತ್ತೆ ನೇಯ್ದೆ. ಆಮೇಲೆ ಕೂಡಿಬಂತು. ಕುಣಿಯೊಳಗೆ ಒಂದು ಮೆಟ್ಟಿಲು ಕಲ್ಲು ಇಡಿಸಿದೆ. ಈಗ ಮೈ ತಿರುಚದೆ, ಎರಡೂ ಕೈ ಊರಿ, ಕಲ್ಲಿನ ಮೇಲೆ ಕಾಲಿಟ್ಟು ಮೇಲೆ ಬರುತ್ತೇನೆ. ಎಳೆ ದೂರದಲ್ಲಿ ಹರಿದರೆ ಕೈ ಚಾಚುವುದಿಲ್ಲ. ಎದ್ದು ಅದರ ಹತ್ತಿರ ಹೋಗುತ್ತೇನೆ. ಸೆರಗಿನ ಹಾಸನ್ನು ಒಡಲಿನ ಹಾಸಿನ ಜೊತೆ ಕೂಡಿಸುವ ಕೊಂಡಿ ಕೆಲಸ ಇರುತ್ತದಲ್ಲ, ಗಂಟೆಗಟ್ಟಲೆ ಬಗ್ಗಿ ಕೂರುವಂಥದ್ದು, ಅದನ್ನು ಈಗ ಮೂರು ತುಂಡು ಮಾಡಿ ನಡುವೆ ನಡೆದು ಬರುತ್ತೇನೆ.

ಮತ್ತೆ, ಬೆಳಿಗ್ಗೆ ಎದ್ದವನೇ ಕುಣಿಗೆ ಇಳಿಯುವುದಿಲ್ಲ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿಕೊಂಡಿರುತ್ತದೆ. ಬೆಳಿಗ್ಗೆ ನಾವು ನಿನ್ನೆ ಸಂಜೆಗಿಂತ ತುಸು ಎತ್ತರ ಇರುತ್ತೇವೆ. ಆ ಹೊತ್ತಿನಲ್ಲಿ ಬಾಗಿದರೆ ನಾರಿನ ಮೇಲೆ ಒತ್ತಡ ಜಾಸ್ತಿ. ನನಗೆ ಕಟಕ್ ಅಂದದ್ದು ಯಾವ ಹೊತ್ತಿಗೆ ಅಂತ ಈಗ ಅರ್ಥವಾಗುತ್ತದೆ. ಮೊದಲ ಒಂದು ತಾಸು ನಡಿಗೆ, ಸ್ನಾನ, ಚಹಾ. ಆಮೇಲೆ ಮಗ್ಗ.

ನನ್ನ ಕಥೆಯ ನಡುವೆ ಹೆಂಡತಿಯ ಟೊಂಕ ಮರೆತೇ ಹೋಗಿತ್ತು. ಅವಳಿಗೂ ಎರಡು ವರ್ಷದಿಂದ ನೋವಿತ್ತಂತೆ. ಹೇಳಿರಲಿಲ್ಲ. ಬಗ್ಗಿ ಕಸ ಗುಡಿಸುವುದು, ಕುಕ್ಕರುಗಾಲಲ್ಲಿ ಕೂತು ಬಟ್ಟೆ ಒಗೆಯುವುದು, ನಳದಿಂದ ತುಂಬಿದ ಕೊಡ ಒಂದೇ ಪಕ್ಕದ ಟೊಂಕದ ಮೇಲೆ ಹೊರುವುದು, ನೆಲದಲ್ಲಿ ಕೂತು ಮನೆಮಂದಿಗೆಲ್ಲ ರೊಟ್ಟಿ ಬಡಿಯುವುದು, ಉಳಿದ ಹೊತ್ತಿನಲ್ಲಿ ನನಗೆ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುವುದು. ಮಗ್ಗಕ್ಕೆ ಹಲಗೆ ಮಾಡಿಸಿದ ದಿನವೇ ಅವಳಿಗೂ ಮಾಡಿಸಬೇಕಿತ್ತು. ಈಗ ಒಲೆ ಕಟ್ಟೆಯ ಮೇಲೆ ಬಂದಿದೆ, ನಿಂತು ರೊಟ್ಟಿ ಬಡಿಯುತ್ತಾಳೆ. ಉದ್ದ ಹಿಡಿಯ ಪೊರಕೆ ಬಂದಿದೆ. ದೊಡ್ಡ ಕೊಡದ ಬದಲು ಎರಡು ಸಣ್ಣ ಬಕೆಟ್, ಕೈಗೊಂದು. ಅದನ್ನು ತರುವವನು ಮಗ. ಭಾರ ಎತ್ತುವಾಗ ಮಂಡಿ ಮಡಿಸಿ, ವಸ್ತುವನ್ನು ಎದೆಗೆ ಹತ್ತಿರ ಹಿಡಿದು, ತಿರುಗಬೇಕಾದರೆ ಟೊಂಕದಿಂದಲ್ಲ, ಪಾದದಿಂದ ತಿರುಗುವುದು. ಇದನ್ನು ಅವನಿಗೆ ಈಗಲೇ ಕಲಿಸಿದ್ದೇನೆ.

ಆಪರೇಷನ್ನೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮ ಹಿಂದಿನ ಓಣಿಯ ಒಬ್ಬ ಹುಡುಗ ಗ್ರಾನೈಟ್ ಕ್ವಾರಿಯಲ್ಲಿ ಕೆಲಸ ಮಾಡುತ್ತಾನೆ. ಒಂದು ದಿನ ಟೊಂಕ ನೋವಿನ ಜೊತೆ ಎರಡೂ ಕಾಲು ಸೋತವು. ಕೂರುವ ಜಾಗ ಮರಗಟ್ಟಿತು. ಹೊಟ್ಟೆ ಉಬ್ಬಿದರೂ ಮೂತ್ರ ಬರಲಿಲ್ಲ. ಅವರ ಅವ್ವ ಎಣ್ಣೆ ಕಾಯಿಸುತ್ತಿದ್ದಳು. ನಾನು ಹೋಗಿ ನಿಲ್ಲಿಸಿದೆ. ಬಾಗಲಕೋಟೆಯ ಡಾಕ್ಟರು ನನಗೆ ಕೇಳಿದ ಪ್ರಶ್ನೆಗಳೇ ನನ್ನ ಕಣ್ಣ ಮುಂದೆ ಬಂದವು. "ಯಕ್ಕಾ, ಇದಕ್ಕ ಎಣ್ಣಿ ಅಲ್ಲ, ಗಾಡಿ ತರಸು" ಅಂದೆ. ಅವತ್ತೇ ಆಸ್ಪತ್ರೆ, ಅವತ್ತೇ ರಾತ್ರಿ ಆಪರೇಷನ್. ಇಂಥ ಹೊತ್ತಿನಲ್ಲಿ ತಾಸು ತಾಸಿಗೂ ಬೆಲೆ ಇದೆ. ತಡವಾದರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು. ಪಾದ ಮೇಲೆತ್ತಲಾಗದೆ ಜೋತು ಬಿದ್ದರೂ, ದಿನದಿಂದ ದಿನಕ್ಕೆ ಕಾಲಿನ ಶಕ್ತಿ ಇಳಿಯುತ್ತಿದ್ದರೂ ಕಾಯಬಾರದು. ಆ ಹುಡುಗ ಈಗ ನಡೆಯುತ್ತಾನೆ.

ನನಗೆ ನೋವು ಮತ್ತೆ ಬರಲೇ ಇಲ್ಲ ಅಂತಿಲ್ಲ. ಎಂಟನೇ ತಿಂಗಳಲ್ಲಿ ಒಮ್ಮೆ ಜೋಳದ ಚೀಲ ಎಳೆಯಲು ಹೋಗಿ ಹಿಡಿಯಿತು. ಎದೆ ಧಸಕ್ ಅಂತು. ಆದರೆ ಮಲಗಲಿಲ್ಲ. ಹಿಮ್ಮಡಿಯ ಮೇಲೆ ನಡೆದು ನೋಡಿದೆ, ತುದಿಗಾಲಲ್ಲಿ ನಡೆದು ನೋಡಿದೆ, ಶಕ್ತಿ ಇತ್ತು. ಬೋರಲು ಮಲಗುವ ವ್ಯಾಯಾಮ, ಉಪ್ಪಿನ ಕಾವು, ಸ್ವಲ್ಪ ಸ್ವಲ್ಪ ನಡಿಗೆ. ಐದನೇ ದಿನ ಮಗ್ಗಕ್ಕೆ ಇಳಿದೆ.

ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿದಾಗ ಹೇಗೂ ಕೈ ನಿಲ್ಲುತ್ತದೆ. ಹೊಸ ಕಂಡಿಕೆ ಹಾಕಬೇಕು. ಅದನ್ನೇ ಗಡಿಯಾರ ಮಾಡಿಕೊಂಡಿದ್ದೇನೆ. ಮೂರು ಕಂಡಿಕೆ ಕೂತಲ್ಲೇ ಬದಲಿಸುವುದು. ನಾಲ್ಕನೆಯದಕ್ಕೆ ಎದ್ದು ಕುಣಿಯಿಂದ ಹೊರಗೆ ಬಂದು, ಟೊಂಕದ ಮೇಲೆ ಎರಡೂ ಕೈ ಇಟ್ಟು, ನಿಧಾನವಾಗಿ ಹಿಂದೆ ಬಾಗುವುದು. ಐದು ಸಲ. ಅಂಗಳಕ್ಕೆ ಹೋಗಿ ನೀರು ಕುಡಿದು ಬರುವುದು. ದಿನದ ಕೊನೆಗೆ ಲೆಕ್ಕ ಹಾಕಿದರೆ ನೇಯ್ಗೆ ಏನೂ ಕಡಿಮೆಯಾಗಿಲ್ಲ.

ಎದುರು ಮನೆಯ ಹುಡುಗನಿಗೆ 19 ವರ್ಷ. ಈಗಷ್ಟೇ ಮಗ್ಗಕ್ಕೆ ಕೂತಿದ್ದಾನೆ. ನಾನು ಕೂರುತ್ತಿದ್ದ ಹಾಗೆಯೇ, ಬೆನ್ನು ಬಿಲ್ಲು ಮಾಡಿಕೊಂಡು. ಮೊನ್ನೆ ಬಡಿಗೇರ ಕಾಕಾನ ಹತ್ತಿರ ಇನ್ನೊಂದು ಹಲಗೆ ಮಾಡಿಸಿ ಅವನ ಕುಣಿಯ ಅಂಚಿಗೆ ಕೂರಿಸಿ ಬಂದೆ. ಕಂಡಿಕೆಯ ಲೆಕ್ಕವನ್ನೂ ಹೇಳಿದೆ. "ಆತು ಕಾಕಾ" ಅಂದ. ಇವತ್ತು ನೇಯುತ್ತಾ ಕೂತಾಗ ಅವನ ಲಾಳಿಯ ಸದ್ದು ನಿಂತಿತು. ಒಂದು, ಎರಡು, ಮೂರು ಸಲ ನಿಂತು ಶುರುವಾಯಿತು. ನಾಲ್ಕನೇ ಸಲ ನಿಂತಾಗ ಬಾಗಿಲಲ್ಲಿ ಇಣುಕಿದೆ. ಅಂಗಳದಲ್ಲಿ ನಿಂತು ನೀರು ಕುಡಿಯುತ್ತಿದ್ದ.